ತೇಲುವಿಕೆ ಮತ್ತು ಮುಳುಗುವಿಕೆ

ತೇಲುವಿಕೆ ಎಂದರೆ ಒಂದು ವಸ್ತುವು ನೀರಿನಲ್ಲಿ ಅಥವಾ ಬೇರೆ ದ್ರವದಲ್ಲಿ ತಳಕ್ಕಿಳಿಯದೆ ಮೇಲೆಯೇ ನಿಲ್ಲುವ ಸ್ಥಿತಿ. ದ್ರವವು ತನ್ನಲ್ಲಿ ಅದ್ದಿದ ವಸ್ತುವನ್ನು ಮೇಲ್ಮುಖವಾಗಿ ತಳ್ಳುತ್ತದೆ. ಈ ಬಲವನ್ನು ಪ್ಲವನ ಬಲ ಎಂದು ಕರೆಯಲಾಗುತ್ತದೆ. ಪ್ಲವನ ಬಲವು ವಸ್ತುವಿನ ತೂಕವನ್ನು ಸರಿದೂಗಿಸಿದರೆ ವಸ್ತು ತೇಲುತ್ತದೆ. ವಸ್ತು ಪೂರ್ಣವಾಗಿ ಅದ್ದಿದ ಮೇಲೂ ಬಲವು ತೂಕಕ್ಕಿಂತ ಕಡಿಮೆಯಾಗಿದ್ದರೆ ಅದು ಮುಳುಗುತ್ತದೆ. ಭಾರವಾದುದು ಮುಳುಗುತ್ತದೆ, ಹಗುರವಾದುದು ತೇಲುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಅರ್ಧ ಮಾತ್ರ ಸರಿ. ಒಂದು ಗ್ರಾಂ ತೂಗದ ಮರಳಿನ ಕಣ ಮುಳುಗುತ್ತದೆ, ಹತ್ತು ಜನರನ್ನು ಹೊತ್ತ ಹರಿಗೋಲು ತೇಲುತ್ತದೆ. ವಸ್ತುವಿನ ತೂಕವೆಷ್ಟು, ಅದು ಪಕ್ಕಕ್ಕೆ ಸರಿಸುವ ನೀರಿನ ತೂಕವೆಷ್ಟು ಎಂಬ ಎರಡರ ಹೋಲಿಕೆಯಿಂದಲೇ ಇದು ತೀರ್ಮಾನವಾಗುತ್ತದೆ.

ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಈ ತತ್ವಕ್ಕೆ ಅನೇಕ ನಿದರ್ಶನಗಳು ದೊರೆಯುತ್ತವೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಹರಿಗೋಲು, ಭತ್ತದ ಬಿತ್ತನೆ ಬೀಜವನ್ನು ಉಪ್ಪುನೀರಿನಲ್ಲಿ ಬೇರ್ಪಡಿಸುವ ಪದ್ಧತಿ, ಬಾವಿಯಲ್ಲಿ ಈಜು ಕಲಿಯಲು ಕಟ್ಟಿಕೊಳ್ಳುವ ಸೋರೆ ಬುರುಡೆ ಇವೆಲ್ಲವೂ ಒಂದೇ ನಿಯಮವನ್ನು ಅನುಸರಿಸುತ್ತವೆ. ಈ ಲೇಖನದಲ್ಲಿ ತತ್ವದ ವಿವರಣೆಗೆ ಮುಖ್ಯವಾಗಿ ಅವುಗಳನ್ನೇ ಬಳಸಿಕೊಳ್ಳಲಾಗಿದೆ.

## ಇತಿಹಾಸ

ತೇಲುವಿಕೆಯ ನಿಯಮವನ್ನು ಮೊದಲು ಕ್ರಮಬದ್ಧವಾಗಿ ನಿರೂಪಿಸಿದವನು ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ (ಕ್ರಿ.ಪೂ. ಸುಮಾರು 287–212). ಇವನು ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದವನು. ತೇಲುವ ವಸ್ತುಗಳನ್ನು ಕುರಿತು ಇವನು ಬರೆದ ಗ್ರಂಥವು ಎರಡು ಭಾಗಗಳಲ್ಲಿದೆ. ಅರಸನ ಚಿನ್ನದ ಕಿರೀಟದಲ್ಲಿ ಬೆಳ್ಳಿ ಬೆರೆತಿದೆಯೇ ಎಂದು ಪತ್ತೆಹಚ್ಚಬೇಕಾಗಿದ್ದಾಗ, ಸ್ನಾನದ ತೊಟ್ಟಿಗೆ ಇಳಿದೊಡನೆ ನೀರು ಹೊರಚೆಲ್ಲಿದ್ದನ್ನು ಕಂಡು ಅವನಿಗೆ ಉಪಾಯ ಹೊಳೆಯಿತೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ಈ ಕಥೆ ಆರ್ಕಿಮಿಡೀಸನ ಸ್ವಂತ ಬರಹಗಳಲ್ಲಿಲ್ಲ. ಅವನ ಕಾಲಕ್ಕಿಂತ ಸುಮಾರು ಎರಡು ಶತಮಾನಗಳ ನಂತರ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಇದನ್ನು ದಾಖಲಿಸಿದ್ದಾನೆ.

ನಿಯಮವು ಬರಹಕ್ಕಿಳಿಯುವ ಮೊದಲೇ ಜನರು ಅದನ್ನು ಬಳಕೆಯಲ್ಲಿ ಅರಿತಿದ್ದರು. ಬಿದಿರು, ಚರ್ಮ, ಮರ, ಜೊಂಡುಗಳಿಂದ ದೋಣಿ ಕಟ್ಟುವ ಕಲೆ ಬಹು ಪ್ರಾಚೀನವಾದುದು. ಯೂಫ್ರಟಿಸ್ ನದಿಯಲ್ಲಿ ಚರ್ಮ ಹೊದಿಸಿದ ದುಂಡು ದೋಣಿಗಳು ಸಂಚರಿಸುತ್ತಿದ್ದುದನ್ನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕ್ರಿ.ಪೂ. 5ನೆಯ ಶತಮಾನದಲ್ಲಿ ವರ್ಣಿಸಿದ್ದಾನೆ.

## ಪ್ಲವನ ಬಲ ಉಂಟಾಗುವ ಬಗೆ

ನೀರಿಗೆ ತೂಕವಿದೆ. ಆಳಕ್ಕೆ ಹೋದಂತೆ ಮೇಲಿರುವ ನೀರಿನ ಭಾರ ಹೆಚ್ಚುವುದರಿಂದ ಒತ್ತಡವೂ ಹೆಚ್ಚುತ್ತದೆ. ನೀರಿನೊಳಗಿರುವ ವಸ್ತುವಿನ ಮೇಲೆ ಎಲ್ಲ ದಿಕ್ಕುಗಳಿಂದಲೂ ಒತ್ತಡ ಬೀಳುತ್ತದೆ. ಎಡ–ಬಲ ಪಕ್ಕಗಳ ಒತ್ತಡಗಳು ಪರಸ್ಪರ ಸರಿಹೋಗುತ್ತವೆ. ಆದರೆ ವಸ್ತುವಿನ ತಳಭಾಗವು ಮೇಲ್ಭಾಗಕ್ಕಿಂತ ಹೆಚ್ಚು ಆಳದಲ್ಲಿರುವುದರಿಂದ ಕೆಳಗಿನಿಂದ ಮೇಲಕ್ಕೆ ಬೀಳುವ ಒತ್ತಡವೇ ಅಧಿಕ. ಈ ವ್ಯತ್ಯಾಸವೇ ಪ್ಲವನ ಬಲ.

ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. (ವಿಜ್ಞಾನದಲ್ಲಿ ತೂಕವನ್ನು ನ್ಯೂಟನ್ ಮಾನದಲ್ಲಿ ಅಳೆಯುತ್ತಾರೆ. ಇಲ್ಲಿ ಸುಲಭಗ್ರಾಹ್ಯವಾಗಲೆಂದು ವ್ಯವಹಾರದಲ್ಲಿರುವ ಕಿಲೊಗ್ರಾಂ ಬಳಸಿದೆ.) ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್ ಇರುವ ಗ್ರಾನೈಟ್ ಕಲ್ಲಿನ ಘನವೊಂದನ್ನು ನೀರಿನಲ್ಲಿ ಇಳಿಬಿಡಲಾಗಿದೆ ಎಂದಿಟ್ಟುಕೊಳ್ಳೋಣ. ಅದರ ಮೇಲ್ಮುಖವು 20 ಸೆಂಟಿಮೀಟರ್ ಆಳದಲ್ಲಿದ್ದರೆ ಕೆಳಮುಖವು 30 ಸೆಂಟಿಮೀಟರ್ ಆಳದಲ್ಲಿರುತ್ತದೆ. ಪ್ರತಿಮುಖದ ವಿಸ್ತೀರ್ಣ 100 ಚದರ ಸೆಂಟಿಮೀಟರ್. ಮೇಲ್ಮುಖವನ್ನು ನೀರು 2 ಕಿಲೊಗ್ರಾಂ ಭಾರದಿಂದ ಕೆಳಕ್ಕೆ ಒತ್ತುತ್ತದೆ. ಕೆಳಮುಖವನ್ನು 3 ಕಿಲೊಗ್ರಾಂ ಭಾರದಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ಉಳಿಯುವ ಮೇಲ್ಮುಖ ಬಲ 1 ಕಿಲೊಗ್ರಾಂ. ಕಲ್ಲು ಇನ್ನೂ ಆಳಕ್ಕಿಳಿದರೆ ಎರಡೂ ಒತ್ತಡಗಳು ಸಮನಾಗಿ ಹೆಚ್ಚುವುದರಿಂದ ಈ ವ್ಯತ್ಯಾಸ ಬದಲಾಗುವುದಿಲ್ಲ. ಆ ಘನದ ಗಾತ್ರ ಒಂದು ಲೀಟರ್. ಒಂದು ಲೀಟರ್ ನೀರಿನ ತೂಕವೂ 1 ಕಿಲೊಗ್ರಾಂ ಎಂಬುದು ಇಲ್ಲಿ ಗಮನಾರ್ಹ.

ಗಾಳಿಯಲ್ಲಿ ಈ ಕಲ್ಲು ಸುಮಾರು 2.65 ಕಿಲೊಗ್ರಾಂ ತೂಗುತ್ತದೆ. ನೀರಿನೊಳಗೆ ತೂಗಿದರೆ 1.65 ಕಿಲೊಗ್ರಾಂ ಮಾತ್ರ. ಪ್ಲವನ ಬಲ ಕಲ್ಲಿನ ಮೇಲೂ ಕೆಲಸ ಮಾಡುತ್ತದೆ, ಆದರೆ ಅದನ್ನು ಎತ್ತಿ ಹಿಡಿಯಲು ಸಾಲದು. ಬಾವಿಯಿಂದ ನೀರು ಸೇದುವಾಗ ಕೊಡವು ನೀರಿನೊಳಗಿರುವಷ್ಟು ಹೊತ್ತು ಹಗುರವಾಗಿದ್ದು, ಮೇಲ್ಮೈ ಬಿಟ್ಟೊಡನೆ ಹಗ್ಗ ಬಿಗಿದು ಭಾರವೆನಿಸುವುದಕ್ಕೆ ಇದೇ ಕಾರಣ.

## ಆರ್ಕಿಮಿಡೀಸನ ತತ್ವ

ದ್ರವದಲ್ಲಿ ಪೂರ್ಣವಾಗಿ ಅಥವಾ ಭಾಗಶಃ ಅದ್ದಿದ ವಸ್ತುವಿನ ಮೇಲೆ ಉಂಟಾಗುವ ಮೇಲ್ಮುಖ ಬಲವು, ಆ ವಸ್ತು ಸ್ಥಾನಪಲ್ಲಟಗೊಳಿಸಿದ ದ್ರವದ ತೂಕಕ್ಕೆ ಸಮನಾಗಿರುತ್ತದೆ. ಇದಕ್ಕೆ ಆರ್ಕಿಮಿಡೀಸನ ತತ್ವ ಎಂದು ಹೆಸರು.

ತೇಲುವ ವಸ್ತುವಿಗೆ ಅನ್ವಯಿಸಿದಾಗ ಈ ತತ್ವದಿಂದ ಇನ್ನೊಂದು ನಿಯಮ ದೊರೆಯುತ್ತದೆ. ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುವವರೆಗೆ ಇಳಿದು, ಅಲ್ಲಿ ನಿಲ್ಲುತ್ತದೆ. ಮತ್ತಷ್ಟು ಭಾರ ಹೇರಿದರೆ ಮತ್ತಷ್ಟು ಇಳಿಯುತ್ತದೆ, ಭಾರ ತೆಗೆದರೆ ಮೇಲೇಳುತ್ತದೆ.

## ಸಾಂದ್ರತೆ

ಒಂದು ಪದಾರ್ಥದ ನಿರ್ದಿಷ್ಟ ಗಾತ್ರದಲ್ಲಿ ಎಷ್ಟು ದ್ರವ್ಯರಾಶಿ ಇದೆ ಎಂಬುದೇ ಅದರ ಸಾಂದ್ರತೆ. ನೀರಿನ ಸಾಂದ್ರತೆಯನ್ನು 1 ಎಂದು ಇಟ್ಟುಕೊಂಡು ಉಳಿದವುಗಳನ್ನು ಅದರೊಡನೆ ಹೋಲಿಸಿದಾಗ ದೊರೆಯುವ ಸಂಖ್ಯೆಗೆ ಸಾಪೇಕ್ಷ ಸಾಂದ್ರತೆ ಎನ್ನುತ್ತಾರೆ. ಒಳಗೆ ಟೊಳ್ಳಿಲ್ಲದ ವಸ್ತುವಿನ ಸಾಪೇಕ್ಷ ಸಾಂದ್ರತೆ 1ಕ್ಕಿಂತ ಕಡಿಮೆಯಿದ್ದರೆ ಅದು ನೀರಿನಲ್ಲಿ ತೇಲುತ್ತದೆ, ಹೆಚ್ಚಿದ್ದರೆ ಮುಳುಗುತ್ತದೆ. ಕೆಲವು ಪದಾರ್ಥಗಳ ಸ್ಥೂಲ ಮೌಲ್ಯಗಳು ಹೀಗಿವೆ:

- ಸೀಮೆಎಣ್ಣೆ: 0.8
- ಶೇಂಗಾ ಎಣ್ಣೆ: 0.91
- ಮಂಜುಗಡ್ಡೆ: 0.92
- ಶುದ್ಧ ನೀರು (4 ಡಿಗ್ರಿ ಸೆಲ್ಸಿಯಸ್): 1.00
- ಸಮುದ್ರದ ನೀರು: 1.025
- ಹಾಲು: 1.03
- ಗ್ರಾನೈಟ್ ಕಲ್ಲು: 2.6ರಿಂದ 2.7
- ಅಲ್ಯೂಮಿನಿಯಂ: 2.7
- ಕಬ್ಬಿಣ: 7.87
- ಪಾದರಸ: 13.6
- ಚಿನ್ನ: 19.3

ಈ ಪಟ್ಟಿಯಿಂದ ಹಲವು ಸಂಗತಿಗಳು ತಿಳಿಯುತ್ತವೆ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುತ್ತದೆ. ಮಂಜುಗಡ್ಡೆ ತೇಲಿದರೂ ಅದರ ಗಾತ್ರದ ಸುಮಾರು ಹನ್ನೆರಡನೇ ಒಂದು ಭಾಗ ಮಾತ್ರ ಸಿಹಿನೀರಿನಿಂದ ಮೇಲೆ ಕಾಣಿಸುತ್ತದೆ. ಕಬ್ಬಿಣದ ತುಂಡು ನೀರಿನಲ್ಲಿ ಮುಳುಗಿದರೂ ಪಾದರಸದ ಮೇಲೆ ತೇಲುತ್ತದೆ. ಆದ್ದರಿಂದ ತೇಲುವ ಗುಣವನ್ನು ವಸ್ತುವಿನಿಂದ ಮಾತ್ರ ನಿರ್ಣಯಿಸಲಾಗದು. ಅದು ಯಾವ ದ್ರವದಲ್ಲಿದೆ ಎಂಬುದನ್ನೂ ನೋಡಬೇಕು.

ಕುಷ್ಟಗಿ ಮತ್ತು ನೆರೆಯ ಇಳಕಲ್ ಭಾಗದಲ್ಲಿ ದೊರೆಯುವ ಗ್ರಾನೈಟ್ ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಸಾಂದ್ರವಾದುದು. ಇದಕ್ಕೆ ವ್ಯತಿರಿಕ್ತವಾಗಿ, ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಕುಶಲಕರ್ಮಿಗಳು ಬಣ್ಣದ ಗೊಂಬೆಗಳನ್ನು ತಯಾರಿಸಲು ಬಳಸುವ ಪೊಳಕಿ ಮರವು ಬಹಳ ಹಗುರವಾದುದು. ಮರದ ಜೀವಕೋಶಗಳ ಗೋಡೆಯ ಪದಾರ್ಥ ನೀರಿಗಿಂತ ಸಾಂದ್ರವೇ ಆದರೂ ಒಣಮರದ ಕೋಶಗಳ ಟೊಳ್ಳಿನಲ್ಲಿ ಗಾಳಿ ತುಂಬಿರುವುದರಿಂದ ಒಟ್ಟು ಸಾಂದ್ರತೆ ಕಡಿಮೆಯಾಗುತ್ತದೆ. ದೀರ್ಘಕಾಲ ನೀರಿನಲ್ಲಿ ನೆನೆದ ಮರದ ದಿಮ್ಮಿ ಕೊನೆಗೆ ಮುಳುಗುವುದು, ಆ ಗಾಳಿಯ ಜಾಗವನ್ನು ನೀರು ಆಕ್ರಮಿಸುವುದರಿಂದ.

## ಆಕಾರದ ಪಾತ್ರ

ಕಬ್ಬಿಣದಂತಹ ಸಾಂದ್ರ ಪದಾರ್ಥವನ್ನೂ ಸೂಕ್ತ ಆಕಾರದಿಂದ ತೇಲಿಸಬಹುದು. ಒಂದು ಕಿಲೊಗ್ರಾಂ ಕಬ್ಬಿಣದ ಗಟ್ಟಿಯ ಗಾತ್ರ ಸುಮಾರು 127 ಘನ ಸೆಂಟಿಮೀಟರ್. ಪೂರ್ತಿ ಮುಳುಗಿದಾಗಲೂ ಅದು 127 ಗ್ರಾಂ ನೀರನ್ನಷ್ಟೇ ಸರಿಸಬಲ್ಲದು. ಅದೇ ಕಬ್ಬಿಣವನ್ನು ಬಡಿದು ಎರಡು ಲೀಟರ್ ಹಿಡಿಯುವ ಬೋಗುಣಿ ಮಾಡಿದರೆ, ಸುಮಾರು ಅರ್ಧ ಎತ್ತರದವರೆಗೆ ಇಳಿಯುವಷ್ಟರಲ್ಲಿ ಅದು ಒಂದು ಲೀಟರ್ ನೀರನ್ನು ಸರಿಸಿರುತ್ತದೆ. ಆಗ ಪ್ಲವನ ಬಲ ತೂಕಕ್ಕೆ ಸಮನಾಗಿ ಬೋಗುಣಿ ತೇಲುತ್ತದೆ. ಲೋಹದ ತೂಕ ಬದಲಾಗಿಲ್ಲ, ಅದು ಸರಿಸುವ ನೀರು ಹೆಚ್ಚಿದೆ. ಉಕ್ಕಿನ ಹಡಗು ತೇಲುವುದೂ ಹೀಗೆಯೇ.

ಈ ರೀತಿಯ ತೇಲುವಿಕೆಯು ಒಂದು ಷರತ್ತಿಗೆ ಒಳಪಟ್ಟಿದೆ. ಒಣಮರದ ತುಂಡು ಹೇಗೆ ಹೊರಳಿದರೂ ತೇಲುತ್ತದೆ. ಬೋಗುಣಿಯಾದರೋ ತನ್ನ ಅಂಚನ್ನು ನೀರಿನ ಮೇಲೆ ಉಳಿಸಿಕೊಂಡಿರುವಷ್ಟು ಕಾಲ ಮಾತ್ರ ತೇಲುತ್ತದೆ. ಅಂಚು ದಾಟಿ ನೀರು ಒಳನುಗ್ಗಿದರೆ ಅದು ಪುನಃ ಕಬ್ಬಿಣದ ತುಂಡಿನಂತೆಯೇ ಮುಳುಗುತ್ತದೆ.

## ಹರಿಗೋಲು: ಒಂದು ನಿದರ್ಶನ

### ರಚನೆ ಮತ್ತು ಚರಿತ್ರೆ

ಹರಿಗೋಲು ಬುಟ್ಟಿಯಂತೆ ದುಂಡಗಿರುವ, ಹೆಚ್ಚು ಆಳವಿಲ್ಲದ ದೋಣಿ. ಆಡುಮಾತಿನಲ್ಲಿ ಇದನ್ನು ತೆಪ್ಪ ಎಂದೂ ಕರೆಯುತ್ತಾರೆ. ಬಿದಿರಿನ ಸೀಳುಗಳನ್ನು ಹೆಣೆದು ಚೌಕಟ್ಟು ಮಾಡಿ, ಹೊರಮೈಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ಚೀಲ ಹೊದಿಸಿ ಡಾಂಬರು ಬಳಿಯುವುದು ರೂಢಿಯಲ್ಲಿದೆ. ನಡೆಸುವವನು ಅಂಬಿಗ, ಅವನ ಕೈಯಲ್ಲಿರುವ ಸಾಧನ ಹುಟ್ಟು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಕಾಯಕವೂ ಇದೇ ಆಗಿತ್ತು.

ಸುಮಾರು 1520ರಲ್ಲಿ, ಕೃಷ್ಣದೇವರಾಯನ ಆಳ್ವಿಕೆಯ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆಗೆ ನದಿ ದಾಟುವ ಇಂತಹ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಗಿದ್ದು, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮವಿದ್ದುದನ್ನೂ, 15ರಿಂದ 20 ಜನರನ್ನು ಸಾಗಿಸುತ್ತಿದ್ದುದನ್ನೂ, ಅಗತ್ಯಬಿದ್ದರೆ ಕುದುರೆ–ಎತ್ತುಗಳನ್ನೂ ಒಯ್ಯುತ್ತಿದ್ದುದನ್ನೂ, ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುತ್ತಿದ್ದುದನ್ನೂ ಅವನು ತಿಳಿಸುತ್ತಾನೆ. ಈ ವರದಿಯ ಇಂಗ್ಲಿಷ್ ಅನುವಾದವನ್ನು ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರ ಕುರಿತ ತನ್ನ ಗ್ರಂಥದಲ್ಲಿ ಪ್ರಕಟಿಸಿದನು.

ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ, ವಿರುಪಾಪುರಗಡ್ಡೆ ಮತ್ತು ಹಂಪಿಯ ನಡುವೆ, ನದೀಮಧ್ಯದ ನವವೃಂದಾವನಕ್ಕೆ ಹೋಗಲು ಜನರು ಬಹುಕಾಲ ಹರಿಗೋಲನ್ನೂ ದೋಣಿಯನ್ನೂ ಅವಲಂಬಿಸಿದ್ದರು. ಆನೆಗೊಂದಿಯ ಬಳಿ ನಿರ್ಮಾಣದಲ್ಲಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ನಂತರದ ವರ್ಷಗಳಲ್ಲಿ ಕಡೇಬಾಗಿಲು–ಬುಕ್ಕಸಾಗರ ಸೇತುವೆ ಬಳಕೆಗೆ ಬಂದು ದೋಣಿಯ ಅವಲಂಬನೆ ತಗ್ಗಿತು. ಸಾಣಾಪುರ ಕೆರೆಯಂತಹ ಕಡೆ ಹರಿಗೋಲು ಈಗ ಪ್ರವಾಸಿಗರ ವಿಹಾರಕ್ಕೆ ಬಳಕೆಯಾಗುತ್ತದೆ. ಕಾವೇರಿ ತೀರದ ಹೊಗೇನಕಲ್‌ನಲ್ಲಿಯೂ ಇದು ಬಳಕೆಯಲ್ಲಿದೆ.

### ಭಾರದ ಲೆಕ್ಕ

ಹರಿಗೋಲು ಎಷ್ಟು ಭಾರ ತಾಳಬಲ್ಲದು ಎಂಬುದನ್ನು ಆರ್ಕಿಮಿಡೀಸನ ತತ್ವದಿಂದ ಲೆಕ್ಕಹಾಕಬಹುದು. ಲೆಕ್ಕದ ಸೌಲಭ್ಯಕ್ಕಾಗಿ ತಳದ ವ್ಯಾಸ 2 ಮೀಟರ್, ಅಂಚಿನ ಎತ್ತರ 60 ಸೆಂಟಿಮೀಟರ್, ತೂಕ 80 ಕಿಲೊಗ್ರಾಂ ಇರುವ, ಪಕ್ಕಗಳು ನೇರವಾಗಿರುವ ಒಂದು ಹರಿಗೋಲನ್ನು ಕಲ್ಪಿಸಿಕೊಳ್ಳಬಹುದು. ಅದರ ತಳದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಇಳಿದಾಗಲೆಲ್ಲ 31.4 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ. ಎಂದರೆ ಪ್ರತಿ 31.4 ಕಿಲೊಗ್ರಾಂ ಭಾರಕ್ಕೆ ಅದು ಒಂದು ಸೆಂಟಿಮೀಟರ್ ಇಳಿಯುತ್ತದೆ.

- ಖಾಲಿ ಹರಿಗೋಲು: 80 ಕಿಲೊಗ್ರಾಂ. ನೀರಿನಲ್ಲಿ ಇಳಿಯುವ ಆಳ ಸುಮಾರು 2.5 ಸೆಂಟಿಮೀಟರ್.
- ತಲಾ 55 ಕಿಲೊಗ್ರಾಂ ತೂಕದ 8 ಜನರು ಕುಳಿತಾಗ: ಒಟ್ಟು 520 ಕಿಲೊಗ್ರಾಂ. ಇಳಿಯುವ ಆಳ ಸುಮಾರು 16.5 ಸೆಂಟಿಮೀಟರ್, ನೀರಿನ ಮೇಲೆ ಉಳಿಯುವ ಅಂಚು 43 ಸೆಂಟಿಮೀಟರಿಗೂ ಹೆಚ್ಚು.
- ತಲಾ 60 ಕಿಲೊಗ್ರಾಂ ತೂಕದ 20 ಜನರು ಹತ್ತಿದಾಗ: ಒಟ್ಟು 1,280 ಕಿಲೊಗ್ರಾಂ. ಇಳಿಯುವ ಆಳ ಸುಮಾರು 41 ಸೆಂಟಿಮೀಟರ್. ಉಳಿಯುವ ಅಂಚು 19 ಸೆಂಟಿಮೀಟರ್.
- ಅದೇ 20 ಜನರಿರುವಾಗ ಒಳಗೆ 15 ಸೆಂಟಿಮೀಟರ್ ನೀರು ತುಂಬಿದರೆ: ಸುಮಾರು 470 ಕಿಲೊಗ್ರಾಂ ಹೆಚ್ಚುವರಿ ಭಾರ. ಉಳಿಯುವ ಅಂಚು 4 ಸೆಂಟಿಮೀಟರಿನಷ್ಟು ಮಾತ್ರ.

ಮೂರನೆಯ ಸಂದರ್ಭದಲ್ಲಿ ಹರಿಗೋಲು ಮುಳುಗಿಲ್ಲವೆಂಬುದು ನಿಜ. ನಿಂತ ನೀರಿನಲ್ಲಿ, ಎಲ್ಲರೂ ಅಲುಗಾಡದೆ ಕುಳಿತಿದ್ದರೆ ಅದು ತೇಲುತ್ತಲೇ ಇರುತ್ತದೆ. ಆದರೆ ನದಿಯಲ್ಲಿ ಅಲೆ, ಸೆಳವು, ಗಾಳಿಗಳಿರುತ್ತವೆ, ಜನರು ಕದಲುತ್ತಾರೆ. ಮೂರನೆಯ ಸ್ಥಿತಿಯಿಂದ ನಾಲ್ಕನೆಯ ಸ್ಥಿತಿಗೆ ಬರಲು ಕೆಲವು ಅಲೆಗಳು ಸಾಕು. ನೀರು ಒಳಬಂದಷ್ಟೂ ಅಂಚು ತಗ್ಗುತ್ತದೆ, ಅಂಚು ತಗ್ಗಿದಷ್ಟೂ ನೀರು ಇನ್ನೂ ಸುಲಭವಾಗಿ ಒಳಬರುತ್ತದೆ. ಆದ್ದರಿಂದಲೇ ಅಧಿಕ ಭಾರ ಹೇರಿದ ದೋಣಿ ಬಹಳ ಹೊತ್ತು ಸುರಕ್ಷಿತವಾಗಿರುವಂತೆ ಕಂಡು, ನಂತರ ಕೆಲವೇ ಕ್ಷಣಗಳಲ್ಲಿ ಮುಳುಗುತ್ತದೆ.

ಸಮುದ್ರದ ಹಡಗುಗಳ ವಿಷಯದಲ್ಲಿ ಈ ಅಪಾಯವನ್ನು ತಡೆಯಲು ಬ್ರಿಟನ್ನಿನ ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದನು. ಅದರ ಫಲವಾಗಿ 1876ರ ಕಾನೂನಿನಲ್ಲಿ ಹಡಗಿನ ಹೊರಮೈ ಮೇಲೆ ಭಾರದ ಮಿತಿಯನ್ನು ಸೂಚಿಸುವ ಗೆರೆ ಎಳೆಯುವ ಪದ್ಧತಿ ಬಂದಿತು. ಆ ಗೆರೆ ನೀರಿನಲ್ಲಿ ಮರೆಯಾದರೆ ಭಾರ ಮಿತಿಮೀರಿದೆ ಎಂದು ಅರ್ಥ. ಸಣ್ಣ ದೋಣಿಯ ಹೊರಮೈ ಮೇಲೂ ಇಂತಹ ಗೆರೆಯನ್ನು ಬಣ್ಣದಿಂದ ಸುಲಭವಾಗಿ ಗುರುತಿಸಬಹುದು.

### ಸ್ಥಿರತೆ

ತೇಲುವುದು ಬೇರೆ, ಮಗುಚದೆ ತೇಲುವುದು ಬೇರೆ. ವಸ್ತುವಿನ ತೂಕವು ಅದರ ಗುರುತ್ವ ಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ಪ್ಲವನ ಬಲವು ಅದು ಸರಿಸಿದ ನೀರಿನ ಮಧ್ಯಬಿಂದುವಿನ ಮೂಲಕ ಮೇಲಕ್ಕೆ ತಳ್ಳುತ್ತದೆ. ಈ ಬಿಂದುವಿಗೆ ಪ್ಲವನ ಕೇಂದ್ರ ಎಂದು ಹೆಸರು. ಹರಿಗೋಲು ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದಲ್ಲಿ ಹೆಚ್ಚು ನೀರು ಸರಿದು, ಪ್ಲವನ ಕೇಂದ್ರವೂ ಆ ಕಡೆಗೆ ಜರುಗುತ್ತದೆ. ಅಲ್ಲಿಂದ ಮೇಲಕ್ಕೆ ತಳ್ಳುವ ಬಲವು ದೋಣಿಯನ್ನು ನೆಟ್ಟಗೆ ಮಾಡುತ್ತದೆ. ತಳ ಅಗಲವಾದಷ್ಟೂ ಈ ಗುಣ ಹೆಚ್ಚು. ಹರಿಗೋಲಿನ ಅಗಲವಾದ ಚಪ್ಪಟೆ ತಳಕ್ಕೆ ಇದೇ ಪ್ರಯೋಜನ.

ಪ್ರಯಾಣಿಕರು ಎದ್ದು ನಿಂತರೆ ಗುರುತ್ವ ಕೇಂದ್ರವು ಮೇಲಕ್ಕೇರಿ ಸ್ಥಿರತೆ ಕುಗ್ಗುತ್ತದೆ. ಎಲ್ಲರೂ ಒಂದೇ ಪಕ್ಕಕ್ಕೆ ಬಾಗಿದರೆ ಆ ಕಡೆಯ ಅಂಚು ನೀರಿಗಿಳಿಯುತ್ತದೆ. ತಳದಲ್ಲಿ ನಿಂತ ನೀರು ಇನ್ನೂ ಅಪಾಯಕಾರಿ. ದೋಣಿ ವಾಲಿದ ಕಡೆಗೇ ಅದು ಹರಿದು ವಾಲುವಿಕೆಯನ್ನು ಹೆಚ್ಚಿಸುತ್ತದೆ. ತಳದಲ್ಲಿ ಕುಳಿತುಕೊಳ್ಳಬೇಕು, ಸುತ್ತಲೂ ಸಮನಾಗಿ ಹಂಚಿಕೊಳ್ಳಬೇಕು, ಸೋರಿದ ನೀರನ್ನು ಆಗಾಗ ಮೊಗೆದು ಚೆಲ್ಲಬೇಕು ಎಂಬ ಅಂಬಿಗರ ಕಟ್ಟುಪಾಡುಗಳಿಗೆ ಹೀಗೆ ವೈಜ್ಞಾನಿಕ ಆಧಾರವಿದೆ. ತುಂಗಭದ್ರಾ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ಆನೆಗೊಂದಿ ಭಾಗದಲ್ಲಿ ದೋಣಿ ಸಂಚಾರವನ್ನು ನಿಲ್ಲಿಸಲಾಗುತ್ತದೆ.

## ಬಿತ್ತನೆ ಬೀಜದ ಆಯ್ಕೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಗಂಗಾವತಿ ಭಾಗವು ಭತ್ತದ ಕಣಜವೆಂದು ಹೆಸರಾಗಿದೆ. ಭತ್ತದ ಬೀಜದಲ್ಲಿ ತುಂಬುಗಾಳು, ಅರೆಗಾಳು, ಜೊಳ್ಳು ಬೆರೆತಿರುತ್ತವೆ. ಇವುಗಳನ್ನು ಬೇರ್ಪಡಿಸಲು ಸಾಂದ್ರತೆಯ ವ್ಯತ್ಯಾಸವನ್ನು ಬಳಸುತ್ತಾರೆ. ಸಾದಾ ನೀರಿನಲ್ಲಿ ಹಾಕಿದರೆ ಜೊಳ್ಳು ತೇಲುತ್ತದೆ. ಆದರೆ ಅರೆಗಾಳುಗಳಲ್ಲಿ ಹಲವು ತುಂಬುಗಾಳಿನೊಂದಿಗೆ ಮುಳುಗಿಬಿಡುತ್ತವೆ. ನೀರಿಗೆ ಉಪ್ಪು ಬೆರೆಸಿ ಅದರ ಸಾಂದ್ರತೆಯನ್ನು ಹೆಚ್ಚಿಸಿದರೆ ಅರೆಗಾಳುಗಳೂ ತೇಲಿ, ಗಟ್ಟಿಕಾಳು ಮಾತ್ರ ತಳ ಸೇರುತ್ತದೆ.

ಉಪ್ಪಿನ ಪ್ರಮಾಣವನ್ನು ಅರಿಯಲು ಕೋಳಿಮೊಟ್ಟೆಯೇ ಮಾಪಕ. ತಾಜಾ ಮೊಟ್ಟೆ ಸಾದಾ ನೀರಿನಲ್ಲಿ ಮುಳುಗುತ್ತದೆ. ಸ್ವಲ್ಪಸ್ವಲ್ಪವಾಗಿ ಉಪ್ಪು ಕರಗಿಸುತ್ತ ಹೋದಂತೆ ಒಂದು ಹಂತದಲ್ಲಿ ಅದು ಮೇಲೆದ್ದು, ನಾಣ್ಯದ ಅಗಲದಷ್ಟು ಭಾಗ ನೀರಿನಿಂದ ಹೊರಗೆ ಕಾಣುತ್ತದೆ. ಆಗ ದ್ರಾವಣ ಸಿದ್ಧವಾಯಿತೆಂದು ತಿಳಿದು ಬೀಜವನ್ನು ಹಾಕಿ, ತೇಲಿದ್ದನ್ನು ತೆಗೆದುಹಾಕುತ್ತಾರೆ. ಉಪ್ಪು ಮೊಳಕೆಗೆ ಹಾನಿಕಾರಕವಾದ್ದರಿಂದ ಮುಳುಗಿದ ಬೀಜವನ್ನು ಎರಡು ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆಯಬೇಕು. ಈ ಪರೀಕ್ಷೆಗೆ ಹಳೆಯ ಮೊಟ್ಟೆ ಸಲ್ಲದು. ದಿನ ಕಳೆದಂತೆ ಮೊಟ್ಟೆಯ ತೇವ ಆರಿ ಒಳಗಿನ ಗಾಳಿಯ ಅರೆ ಹಿಗ್ಗುವುದರಿಂದ ಅದು ಕಡಿಮೆ ಉಪ್ಪಿನಲ್ಲಿಯೇ ತೇಲಿ ತಪ್ಪು ಅಳತೆ ಕೊಡುತ್ತದೆ.

## ತೇಲುವ ಕಲ್ಲು

ಆನೆಗೊಂದಿ ಪರಿಸರವನ್ನು ರಾಮಾಯಣದ ಕಿಷ್ಕಿಂಧೆಯೆಂದು ಪರಂಪರೆಯಿಂದ ಗುರುತಿಸಲಾಗುತ್ತದೆ. ನಳ–ನೀಲರು ಮುಟ್ಟಿದ ಕಲ್ಲುಗಳು ಸಮುದ್ರದ ಮೇಲೆ ತೇಲಿ ಸೇತುವೆಯಾದವೆಂಬ ಕಥೆ ಜನಜನಿತವಾಗಿದೆ. ಈ ಕಾರಣದಿಂದ ತೇಲುವ ಕಲ್ಲಿನ ಬಗ್ಗೆ ಜನರಲ್ಲಿ ಕುತೂಹಲವಿದೆ.

ನಿಸರ್ಗದಲ್ಲಿ ತೇಲುವ ಕಲ್ಲು ಇದೆ. ಜ್ವಾಲಾಮುಖಿಯಿಂದ ಹೊರಚಿಮ್ಮಿದ ಶಿಲಾರಸವು ಅನಿಲದ ಗುಳ್ಳೆಗಳೊಂದಿಗೆ ಬೇಗನೆ ತಣಿದಾಗ ಪ್ಯೂಮಿಸ್ ಎಂಬ ರಂಧ್ರಮಯ ಕಲ್ಲು ಉಂಟಾಗುತ್ತದೆ. ಅದರ ಒಟ್ಟು ಸಾಂದ್ರತೆ ನೀರಿಗಿಂತ ಕಡಿಮೆ. 1883ರಲ್ಲಿ ಇಂಡೊನೇಷ್ಯದ ಕ್ರಕಟೋವ ಜ್ವಾಲಾಮುಖಿ ಸ್ಫೋಟಿಸಿದಾಗ ಹೊರಬಿದ್ದ ಇಂತಹ ಕಲ್ಲುಗಳು ಹಿಂದೂ ಮಹಾಸಾಗರದ ಮೇಲೆ ತೇಲುತ್ತ ಆಫ್ರಿಕದ ತೀರವನ್ನು ಮುಟ್ಟಿದವು. ರಂಧ್ರಗಳೊಳಗೆ ನೀರು ಸೇರಿದಂತೆ ಪ್ಯೂಮಿಸ್ ಕೂಡ ಕ್ರಮೇಣ ಮುಳುಗುತ್ತದೆ. ಆನೆಗೊಂದಿ–ಹಂಪಿಯ ಬೆಟ್ಟಗಳ ಬಂಡೆಗಳು ಗ್ರಾನೈಟ್ ಜಾತಿಯವು. ಗಟ್ಟಿಯಾದ ಅವುಗಳಲ್ಲಿ ಇಂತಹ ಗುಳ್ಳೆಗಳಿಲ್ಲದ ಕಾರಣ ಅವು ಮುಳುಗುತ್ತವೆ.

## ಮಾನವ ದೇಹ ಮತ್ತು ನೀರಿನ ಸುರಕ್ಷತೆ

ಮನುಷ್ಯ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಸಮೀಪದಲ್ಲಿದೆ. ಶ್ವಾಸಕೋಶಗಳಲ್ಲಿ ಗಾಳಿ ತುಂಬಿದಾಗ ಬಹುತೇಕರ ದೇಹ ನೀರಿಗಿಂತ ಸ್ವಲ್ಪ ಹಗುರ. ಉಸಿರನ್ನು ಪೂರ್ತಿ ಹೊರಬಿಟ್ಟಾಗ ಸ್ವಲ್ಪ ಭಾರ. ತೇಲುವುದಕ್ಕೂ ಮುಳುಗುವುದಕ್ಕೂ ಇಷ್ಟು ಸಣ್ಣ ಅಂತರವಿರುವುದರಿಂದ ನೀರಿಗೆ ಬಿದ್ದವರ ವರ್ತನೆ ನಿರ್ಣಾಯಕವಾಗುತ್ತದೆ.

ಈಜು ಬಾರದವರು ಗಾಬರಿಯಿಂದ ಎರಡೂ ಕೈಗಳನ್ನು ಮೇಲಕ್ಕೆ ಚಾಚುವುದು ಸಾಮಾನ್ಯ. ಎರಡು ಕೈಗಳ ತೂಕ ದೇಹದ ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟಿರುತ್ತದೆ. ಅವು ನೀರಿನಿಂದ ಹೊರಬಂದರೆ ಅವುಗಳಿಗೆ ನೀರಿನ ಆಸರೆ ತಪ್ಪಿ, ಆ ಭಾರವೆಲ್ಲ ಉಳಿದ ದೇಹದ ಮೇಲೆ ಬಿದ್ದು ತಲೆ ನೀರೊಳಗೆ ಹೋಗುತ್ತದೆ. ಕೈಗಳನ್ನು ನೀರಿನೊಳಗೇ ಇಟ್ಟು, ಎದೆ ತುಂಬ ಉಸಿರೆಳೆದು, ತಲೆಯನ್ನು ಹಿಂದಕ್ಕೆ ಬಾಗಿಸಿ ಅಂಗಾತ ಮಲಗಿದರೆ ಮೂಗು ಬಾಯಿಗಳು ನೀರಿನ ಮೇಲೆ ಉಳಿಯುವ ಸಾಧ್ಯತೆ ಹೆಚ್ಚು.

ವಯಸ್ಕನೊಬ್ಬನ ತಲೆಯನ್ನು ನೀರಿನ ಮೇಲೆ ಹಿಡಿದಿಡಲು ಸಾಮಾನ್ಯವಾಗಿ 3ರಿಂದ 5 ಕಿಲೊಗ್ರಾಂ ಹೆಚ್ಚುವರಿ ಪ್ಲವನ ಬಲ ಸಾಕು. ಜೀವರಕ್ಷಕ ಜಾಕೆಟ್ ಈ ಕೆಲಸವನ್ನು ಮಾಡುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಾವಿಯಲ್ಲಿ ಈಜು ಕಲಿಯುವ ಮಕ್ಕಳಿಗೆ ಒಣಗಿದ ಸೋರೆ ಬುರುಡೆ ಅಥವಾ ಬೆಂಡು ಕಟ್ಟುತ್ತಿದ್ದುದೂ ಇದೇ ಉದ್ದೇಶಕ್ಕಾಗಿ. ಬಾಯಿ ಭದ್ರವಾಗಿ ಮುಚ್ಚಿದ 20 ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನ್ ತನ್ನ ಸ್ವಂತ ತೂಕ ಕಳೆದು ಸುಮಾರು 19 ಕಿಲೊಗ್ರಾಂ ಭಾರವನ್ನು ನೀರಿನ ಮೇಲೆ ಹಿಡಿದಿಡಬಲ್ಲದು. ಕೃಷಿ ಹೊಂಡ, ನೀರು ನಿಂತ ಕಲ್ಲುಗಣಿ, ಕಾಲುವೆಗಳ ಬಳಿ ಹಗ್ಗ ಕಟ್ಟಿದ ಇಂತಹ ಕ್ಯಾನ್ ಒಂದನ್ನು ಇರಿಸುವುದು ಕಡಿಮೆ ಖರ್ಚಿನ ರಕ್ಷಣೋಪಾಯ. ಪ್ಲಾಸ್ಟಿಕ್ ಹೊದಿಕೆಯ ಹೊಂಡದ ದಂಡೆ ಜಾರುವುದರಿಂದ, ಬಿದ್ದವರನ್ನು ರಕ್ಷಿಸಲು ಹಿಂದೆಯೇ ಹಾರುವುದಕ್ಕಿಂತ ಕ್ಯಾನನ್ನು ಎಸೆದು ಹಗ್ಗದಿಂದ ದಡಕ್ಕೆ ಎಳೆಯುವುದು ಸುರಕ್ಷಿತ.

ಅಣೆಕಟ್ಟೆಯ ಗೇಟುಗಳ ಕೆಳಗೆ ನೊರೆಯೆದ್ದು ಬೀಳುವ ನೀರಿನಲ್ಲಿ ಗಾಳಿಯ ಗುಳ್ಳೆಗಳು ಹೇರಳವಾಗಿ ಬೆರೆತಿರುತ್ತವೆ. ಇದರಿಂದ ನೀರಿನ ಒಟ್ಟು ಸಾಂದ್ರತೆ ತಗ್ಗಿ, ಅದು ದೇಹವನ್ನು ಮೇಲಕ್ಕೆ ತಳ್ಳುವ ಬಲವೂ ಕಡಿಮೆಯಾಗುತ್ತದೆ. ಇದರೊಂದಿಗೆ ಸುಳಿಯ ಸೆಳವೂ ಸೇರುವುದರಿಂದ ನುರಿತ ಈಜುಗಾರರಿಗೂ ಅಲ್ಲಿ ಅಪಾಯವಿದೆ.

## ಮೇಲ್ಮೈ ಸೆಳೆತ

ಒಣ ಸೂಜಿಯನ್ನು ಬಹಳ ಎಚ್ಚರಿಕೆಯಿಂದ ನೀರಿನ ಮೇಲೆ ಅಡ್ಡಲಾಗಿ ಇಟ್ಟರೆ ಅದು ನಿಲ್ಲುತ್ತದೆ. ಕೆಲವು ಕೀಟಗಳು ಕೆರೆಯ ನೀರಿನ ಮೇಲೆ ನಡೆದಾಡುತ್ತವೆ. ಇವು ಆರ್ಕಿಮಿಡೀಸನ ತತ್ವದಂತೆ ತೇಲುವ ಉದಾಹರಣೆಗಳಲ್ಲ. ನೀರಿನ ಕಣಗಳ ಪರಸ್ಪರ ಆಕರ್ಷಣೆಯಿಂದ ಅದರ ಮೇಲ್ಮೈ ಬಿಗಿದ ತೆಳುಪೊರೆಯಂತೆ ವರ್ತಿಸಿ ಇವುಗಳನ್ನು ತಾಳುತ್ತದೆ. ಇದಕ್ಕೆ ಮೇಲ್ಮೈ ಸೆಳೆತ ಎಂದು ಹೆಸರು. ನೀರಿಗೆ ಒಂದು ಹನಿ ಸಾಬೂನು ದ್ರಾವಣ ಬಿಟ್ಟರೆ ಸೆಳೆತ ಕುಂದಿ ಸೂಜಿ ಮುಳುಗುತ್ತದೆ.

## ಸರಳ ಪ್ರಯೋಗಗಳು

- ಒಂದು ಕಣಕದ ಉಂಡೆಯನ್ನು ಬಕೆಟ್ ನೀರಿಗೆ ಹಾಕಿದರೆ ಮುಳುಗುತ್ತದೆ. ಅಷ್ಟೇ ಕಣಕವನ್ನು ತೆಳ್ಳಗೆ ತಟ್ಟಿ ಬಟ್ಟಲಿನಂತೆ ಮಾಡಿ ಬಿಟ್ಟರೆ ತೇಲುತ್ತದೆ.
- ಸ್ಟೀಲ್ ಡಬ್ಬಿಯೊಂದನ್ನು ನೀರಿನಲ್ಲಿ ತೇಲಿಸಿ, ಒಂದೊಂದೇ ಹುಣಸೆಬೀಜವನ್ನು ಹಾಕುತ್ತ, ಪ್ರತಿ ಹತ್ತು ಬೀಜಗಳಿಗೆ ಎಷ್ಟು ಇಳಿಯಿತೆಂದು ಹೊರಮೈ ಮೇಲೆ ಗುರುತಿಸಬಹುದು. ಪಕ್ಕಗಳು ನೇರವಾಗಿರುವ ಡಬ್ಬಿಯಲ್ಲಿ ಗುರುತುಗಳ ಅಂತರ ಹೆಚ್ಚುಕಡಿಮೆ ಸಮನಾಗಿರುತ್ತದೆ.
- ಅದೇ ಡಬ್ಬಿಯಲ್ಲಿ ಬೀಜಗಳನ್ನು ಒಂದೇ ಪಕ್ಕಕ್ಕೆ ಹಾಕಿದರೆ, ಹಂಚಿ ಹಾಕಿದಾಗಿಗಿಂತ ಕಡಿಮೆ ಬೀಜಗಳಿಗೇ ಡಬ್ಬಿ ಮಗುಚುತ್ತದೆ. ಹರಿಗೋಲಿನಲ್ಲಿ ಸಮನಾಗಿ ಕುಳಿತುಕೊಳ್ಳಬೇಕೆಂಬ ನಿಯಮವನ್ನು ಇದರಿಂದ ಮನಗಾಣಬಹುದು.

ಈ ಪ್ರಯೋಗಗಳನ್ನು ಬಕೆಟ್ ಅಥವಾ ಅಗಲವಾದ ಪಾತ್ರೆಯಲ್ಲಿಯೇ ಮಾಡಬೇಕು. ಕೆರೆ, ಬಾವಿ, ಕಾಲುವೆಗಳ ದಂಡೆಯಲ್ಲಿ ಮಕ್ಕಳು ಹಿರಿಯರಿಲ್ಲದೆ ಇವುಗಳನ್ನು ಮಾಡಬಾರದು.